ಟೈಮ್ ಮಾರುತ್ತಿದ್ದ ರೂತ್

ಕಂಪ್ಯೂಟರಿನ ಮೂಲೆಯಲ್ಲಿರೋ ಗಡಿಯಾರ ನೋಡಿದಾಗ ನನಗೆ ಲಂಡನ್ನಿನ ರೂತ್ ಬೆಲ್‌ವಿಲ್ ನೆನಪಾಗ್ತಾಳೆ. ಅವಳು ಮಾರುತ್ತಿದ್ದದ್ದು ಸಮಯವನ್ನ! ಗ್ರೀನಿಚ್ ವೀಕ್ಷಣಾಲಯಕ್ಕೆ ಹೋಗಿ ತನ್ನ ಗಡಿಯಾರವನ್ನು ಪರೀಕ್ಷೆ ಮಾಡಿಸಿ, ಪ್ರಮಾಣಪತ್ರ ಹಿಡಿದು ಅಂಗಡಿ ಅಂಗಡಿಗೆ ತೋರಿಸುತ್ತಿದ್ದಳು. 1836ರಲ್ಲಿ ಅಪ್ಪ ಶುರು ಮಾಡಿದ ಕಸುಬು, ಮಗಳ ಕೈಯಲ್ಲಿ 1940ರವರೆಗೂ ನಡೆಯಿತು.

ನಮ್ಮ ಮನೆ ಕಂಪ್ಯೂಟರಿಗೂ ಇಂಥವಳೊಬ್ಬಳು ಬೇಕೇ ಬೇಕು. ಒಳಗಿರುವ ಕ್ವಾರ್ಟ್ಜ್ ಹರಳು ಬಿಸಿಗೆ, ಚಳಿಗೆ ಲಯ ತಪ್ಪುತ್ತೆ. ಇಂಟರ್ನೆಟ್ಟಿನಲ್ಲಿ ಸರಿಯಾದ ಟೈಮ್ ಕೇಳೋಣ ಅಂದ್ರೆ, ಉತ್ತರ ತಲುಪೋ ಹೊತ್ತಿಗೆ ಅದೇ ಹಳತಾಗಿರುತ್ತೆ.

ಇದಕ್ಕೆ ದಾರಿ ಹುಡುಕಿದವನು ಅಮೆರಿಕದ ಡೇವಿಡ್ ಮಿಲ್ಸ್. ಹುಟ್ಟಿನಿಂದಲೇ ಗ್ಲಾಕೋಮಾ ಇದ್ದ ಮನುಷ್ಯ. ಕೊನೆಗೆ ಪೂರ್ತಿ ದೃಷ್ಟಿ ಹೋಯಿತು, 2024ರಲ್ಲಿ ತೀರಿಕೊಂಡ. 1985ರಲ್ಲಿ ದಾಖಲಾದ ಅವನ ಎನ್‌ಟಿಪಿಯ ಉಪಾಯ ಎಷ್ಟು ಸರಳ ಅಂದ್ರೆ ನನಗೆ ಹೊಟ್ಟೆಕಿಚ್ಚಾಗುತ್ತೆ: ಪ್ರಶ್ನೆ ಹೊರಟದ್ದು, ಸರ್ವರ್ ಮುಟ್ಟಿದ್ದು, ಉತ್ತರ ಹೊರಟದ್ದು, ಮನೆಗೆ ಬಂದದ್ದು, ನಾಲ್ಕೂ ಹೊತ್ತು ಬರೆದಿಟ್ಟುಕೋ. ಪ್ರಯಾಣಕ್ಕೆ ಹಿಡಿದ ಒಟ್ಟು ಸಮಯದಲ್ಲಿ ಅರ್ಧ ಹೋಗೋಕೆ, ಅರ್ಧ ಬರೋಕೆ. ಹೋಗುವಾಗ ಸಿಲ್ಕ್ ಬೋರ್ಡ್ ಜಾಮು, ಬರುವಾಗ ಖಾಲಿ ರಸ್ತೆ ಅನ್ನೋ ಹಾಗಾದರೆ ಲೆಕ್ಕ ತಪ್ಪುತ್ತೆ. ಅದಕ್ಕೇ ಹಲವು ಸರ್ವರುಗಳನ್ನು ಕೇಳಿ, ಹೊಂದದ ಉತ್ತರವನ್ನು ಬದಿಗಿಡೋದು. ಆಮೇಲೂ ಸಣ್ಣ ವ್ಯತ್ಯಾಸವಿದ್ದರೆ ಮುಳ್ಳನ್ನು ಧಡಕ್ಕನೆ ಹಿಂದಕ್ಕೆಳೆಯಲ್ಲ, ಸ್ವಲ್ಪ ನಿಧಾನ ಓಡಿಸುತ್ತೆ. ಇಲ್ಲದಿದ್ರೆ ಆಮೇಲೆ ಸೇವ್ ಮಾಡಿದ ಫೈಲು ಮೊದಲಿನದಾಗಿಬಿಡುತ್ತೆ.

ರೂತ್ ಕೈಯಲ್ಲಿ ಪ್ರಮಾಣಪತ್ರವಾದರೂ ಇತ್ತು. ನಮಗೆ ಬರುವ ಉತ್ತರಕ್ಕೆ ಮಾಮೂಲಾಗಿ ಸಹಿಯೂ ಇರಲ್ಲ. ಅದನ್ನು ಖಾತ್ರಿ ಮಾಡಿಕೊಳ್ಳೋ ಎನ್‌ಟಿಎಸ್ ಎಂಬ ಪದ್ಧತಿ 2020ರಲ್ಲಿ ಬಂದಿದೆ, ಬಹಳಷ್ಟು ಮನೆ ಕಂಪ್ಯೂಟರುಗಳು ಇನ್ನೂ ಸುಮ್ಮನೆ ನಂಬಿಕೊಂಡೇ ಓಡ್ತಿವೆ.