1875ರಲ್ಲಿ ಪುಣೆಯ ರೈತರು ಸಾಲಪತ್ರ ಸುಟ್ಟಿದ್ದೇಕೆ?

1875ರ ಮೇ 12. ಪುಣೆ ಜಿಲ್ಲೆಯ ಸುಪಾ ಅನ್ನೋ ಸಂತೆ ಊರಲ್ಲಿ ಸುತ್ತಮುತ್ತಲ ರೈತರು ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಅವರಿಗೆ ಮುಖ್ಯವಾಗಿ ಬೇಕಿದ್ದದ್ದು ಲೆಕ್ಕದ ಪುಸ್ತಕ ಮತ್ತು ಸಾಲಪತ್ರ. ಸಿಕ್ಕಿದ್ದನ್ನ ಸುಟ್ಟು ಹಾಕಿದ್ರು. ಗಲಾಟೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಚರಿತ್ರೆ ಪುಸ್ತಕಗಳಲ್ಲಿ ಇದು 'ಡೆಕ್ಕನ್ ದಂಗೆ'.

ಕಾಗದದ ಮೇಲೆ ಅಷ್ಟು ಸಿಟ್ಟು ಯಾಕೆ? ಹತ್ತಿ ಬೆಲೆ ಬಿದ್ದಿತ್ತು, ಕಂದಾಯ ಏರಿತ್ತು, ಇದೆಲ್ಲ ಸ್ಕೂಲಲ್ಲಿ ಓದಿರ್ತೀರಿ. ನಾವು ಕಮ್ಮಿ ಮಾತಾಡೋ ಕಾರಣ ಇನ್ನೊಂದಿದೆ: 1859ರ ಕಾಲಮಿತಿ ಕಾಯ್ದೆ. ಅದರ ಪ್ರಕಾರ ನೋಂದಣಿಯಾಗದ ಸಾಲಪತ್ರಕ್ಕೆ ಮೂರೇ ವರ್ಷ ಆಯಸ್ಸು. ಅಷ್ಟರೊಳಗೆ ದಾವೆ ಹಾಕದಿದ್ರೆ ಕೋರ್ಟು ವಸೂಲಿ ಮಾಡಿಕೊಡಲ್ಲ. ಕೇಳೋಕೆ ಇದು ರೈತನ ಪರ ಇದ್ದ ಹಾಗಿದೆ, ಅಲ್ವಾ?

ಆಗಿದ್ದು ಉಲ್ಟಾ. ಮೂರು ವರ್ಷ ಮುಗಿಯೋ ಹೊತ್ತಿಗೆ ಸಾಹುಕಾರ ಹೊಸ ಪತ್ರ ಬರೆಸಿಕೊಳ್ತಿದ್ದ. ಒಪ್ಪದಿದ್ರೆ ದಾವೆ. ಬಾಕಿ ಬಡ್ಡಿಯೂ ಸೇರಿ ಹೊಸ ಅಸಲು. ಒಂದು ಲೆಕ್ಕ ಹಾಕೋಣ: 100 ರೂಪಾಯಿ ಸಾಲ, ವರ್ಷಕ್ಕೆ ಶೇ 24 ಬಡ್ಡಿ. ಏನೂ ಕಟ್ಟದಿದ್ರೆ ಮೂರು ವರ್ಷಕ್ಕೆ 172. ಅದನ್ನೇ ಅಸಲು ಅಂತ ಬರೆದರೆ ಆರನೇ ವರ್ಷಕ್ಕೆ ಸುಮಾರು 296, ಒಂಬತ್ತಕ್ಕೆ 509. ಓದು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ, ಅಷ್ಟೇ.

ದಂಗೆಯ ತನಿಖೆಗೆ ಕೂತ ಆಯೋಗಕ್ಕೂ ಇದು ಕಾಣಿಸ್ತು. 1879ರಲ್ಲಿ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳ ರೈತರಿಗಾಗಿ ಹೊಸ ಕಾಯ್ದೆ ಬಂತು. ಸಾಲಗಾರರಿಗೆ ಸಹಾಯ ಮಾಡೋಕೆ ಸರ್ಕಾರ ವಸೂಲಿಯ ಅವಧಿಯನ್ನ ಹೆಚ್ಚಿಸಿತು! ನೋಂದಣಿಯಾಗದ ಪತ್ರಕ್ಕೆ 6 ವರ್ಷ, ಆಗಿದ್ದಕ್ಕೆ 12. ಜೊತೆಗೆ, ಪತ್ರದಲ್ಲಿ ಬರೆದ ಮೊತ್ತ ನಂಬದೆ ಸಾಲದ ಇಡೀ ಕಥೆಯನ್ನ ಕೆದಕುವ ಅಧಿಕಾರ ಜಡ್ಜ್‌ಗೆ ಸಿಕ್ತು. ನನ್ನ ಪ್ರಕಾರ ನಿಜವಾದ ಪರಿಹಾರ ಈ ಎರಡನೆಯದು.

ಈಗ ಜಾರಿಯಲ್ಲಿರೋದು 1963ರ ಕಾಯ್ದೆ. ಸಾಮಾನ್ಯ ಸಾಲಕ್ಕೆ ಈಗಲೂ ಮೂರು ವರ್ಷ. ಅವಧಿ ಮೀರಿದ ದಾವೆಯನ್ನ, ಸಾಲಗಾರ ತಕರಾರು ಎತ್ತದಿದ್ರೂ ಕೋರ್ಟು ವಜಾ ಮಾಡಬೇಕು. ಆದ್ರೆ ಸಾಲ ಸತ್ತಿರಲ್ಲ, ದಾವೆಯ ದಾರಿ ಮಾತ್ರ ಮುಚ್ಚಿರುತ್ತೆ. ಅವಧಿಯೊಳಗೆ 'ಸಾಲ ಇದೆ' ಅಂತ ಬರೆದು ಸಹಿ ಹಾಕಿದ್ರೆ ಆ ದಿನದಿಂದ ಹೊಸ ಎಣಿಕೆ ಶುರು. ಅವಧಿ ಮುಗಿದ ಮೇಲೂ 'ತೀರಿಸ್ತೀನಿ' ಅಂತ ಸಹಿ ಮಾಡಿ ಬರೆದುಕೊಟ್ರೆ, 1872ರ ಕರಾರು ಕಾಯ್ದೆಯ 25ನೇ ಕಲಂ ಪ್ರಕಾರ ಅದು ಹೊಸ ಕರಾರು.

ಕಾಗದವೇ ಬೇಕು ಅಂತೇನಿಲ್ಲ. ಅವಧಿಯೊಳಗೆ ಇಮೇಲ್‌ನಲ್ಲಿ ಸಾಲ ಒಪ್ಪಿಕೊಂಡ್ರೂ ಸಾಕು ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲೇ ಹೇಳಿದೆ. ಹಳೇ ಬಾಕಿಯ ಬಗ್ಗೆ ರಿಕವರಿ ಏಜೆಂಟ್ ಮೆಸೇಜ್ ಬಂದ್ರೆ, ಉತ್ತರ ಟೈಪ್ ಮಾಡೋ ಮುಂಚೆ ಕೊನೇ ಕಂತು ಕಟ್ಟಿದ ತಾರೀಕು ಯಾವುದು ಅಂತ ನೋಡ್ಕೊಳ್ಳಿ.