ಉಳಿದವರ ಕಥೆ ಹೇಳಿದ ಮೈಸೂರಿನ ಸತ್ಯು

ಮೈಸೂರು ಶ್ರೀನಿವಾಸ ಸತ್ಯು. ಈ ಹೆಸರಿನಲ್ಲಿ ಮೊದಲು ಬರುವುದೇ ಊರು. ಆದರೂ ‘ಗರಂ ಹವಾ’ ನೋಡಿದ ನಮ್ಮ ಕಡೆಯ ಅನೇಕರಿಗೆ ಅದನ್ನು ತೆಗೆದವರು ಕನ್ನಡಿಗರೆಂದು ತಿಳಿದಿರಲಿಲ್ಲ. ನಾನು ದಕ್ಷಿಣ ಸೋಲಾಪುರ ತಾಲ್ಲೂಕಿನ ಕಂದಲಗಾಂವದವನು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸೋಲಾಪುರದ ಪೇಟೆಗೆ ಹೋದರೆ ಹಿಂದಿಯೂ ಉರ್ದುವೂ ಬೆರೆತ ಮಾತು. ಚಂದ್ರಗಿರಿಯ ದಂಡೆಯ ಓದುಗರಿಗೆ ಭೀಮೆಯ ದಂಡೆಯಿಂದ ಒಂದು ಹಿಂದಿ ಚಿತ್ರದ ವಿಚಾರ ಬರೆಯುವುದೇಕೆ ಎಂದು ಕೇಳಬಹುದು. ಆ ಚಿತ್ರ ನಮ್ಮಿಬ್ಬರ ಮನೆಯ ಮಾತನ್ನೂ ಆಡುತ್ತದೆ, ಅದಕ್ಕೇ.

ಸೋಲಾಪುರದವರಿಗೆ ಹಿಂದಿ ಚಿತ್ರ ಪರಕೀಯವಲ್ಲ. ಗಿರಣಿಗಳ ಊರು, ಪಾಳಿ ಮುಗಿದ ಮೇಲೆ ಚಿತ್ರಮಂದಿರ. ಚೀನಾಕ್ಕೆ ಹೋಗಿ ಗಾಯಾಳುಗಳ ಸೇವೆಯಲ್ಲಿ ಪ್ರಾಣಬಿಟ್ಟ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ಸೋಲಾಪುರದವರು. ವಿ. ಶಾಂತಾರಾಮರು 1946ರಲ್ಲಿ ಅವರ ಮೇಲೆ ಹಿಂದಿ ಚಿತ್ರ ತೆಗೆದರು. ಅದು ಮನೆ ಬಿಟ್ಟು ದೂರ ಹೋದವನ ಕಥೆ. ಸತ್ಯು ಹೇಳಿದ್ದು ಮನೆ ಬಿಡಲೊಲ್ಲದವನ ಕಥೆ.

ಸತ್ಯು ಹುಟ್ಟಿದ್ದು 1930ರ ಜುಲೈ 6ರಂದು, ಮೈಸೂರಿನ ಅಯ್ಯಂಗಾರ್ ಮನೆತನದಲ್ಲಿ. ಮೈಸೂರು, ಬೆಂಗಳೂರುಗಳಲ್ಲಿ ಓದಿದರು. 1952ರಲ್ಲಿ ಬಿ.ಎಸ್ಸಿ. ಓದನ್ನು ಅರ್ಧಕ್ಕೆ ಬಿಟ್ಟು ಸಿನಿಮಾದ ದಾರಿ ಹಿಡಿದರು. ಚಲನಚಿತ್ರಕ್ಕೆ ಚಿತ್ರ ಬರೆಯುವ ಬಿಡಿ ಕೆಲಸ ಕೆಲಕಾಲ; ಆಮೇಲೆ ಸುಮಾರು ನಾಲ್ಕು ವರ್ಷ ಕೆಲಸವೇ ಇಲ್ಲ. ಕೊನೆಗೆ ಚೇತನ್ ಆನಂದರ ಬಳಿ ಸಹಾಯಕ ನಿರ್ದೇಶಕರಾಗಿ ಸಂಬಳ ಕಂಡರು. ಚೇತನ್ ಆನಂದರ ‘ಹಕೀಕತ್’ (1964) ಚಿತ್ರದ ಕಲಾ ನಿರ್ದೇಶನಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಅಲ್ಲಿಂದ ಮುಂದೆ ದೊಡ್ಡ ನಿರ್ಮಾಪಕರ ಬಾಗಿಲಲ್ಲಿ ಕಾದಿದ್ದರೆ ಸುಖವಾಗಿ ಬದುಕಬಹುದಿತ್ತು.

ಅವರ ಮನಸ್ಸು ರಂಗಭೂಮಿಯಲ್ಲಿತ್ತು. ದೆಹಲಿಯಲ್ಲಿ ಬೇಗಂ ಖುದ್ಸಿಯಾ ಜೈದಿ ಕಟ್ಟಿದ ಹಿಂದೂಸ್ತಾನಿ ಥಿಯೇಟರಿಗೆ ರಂಗಸಜ್ಜು ಮಾಡಿದರು, ಅಲ್ಲಿಯ ಕನ್ನಡ ಭಾರತಿಗೂ ದುಡಿದರು. ಖುದ್ಸಿಯಾರ ಮಗಳು ಶಮಾ ಜೈದಿ ಮುಂದೆ ಸತ್ಯು ಅವರ ಮಡದಿಯಾದರು; ‘ಗರಂ ಹವಾ’ದ ಚಿತ್ರಕಥೆಯಲ್ಲಿ ಕೈಫಿ ಆಜ್ಮಿಯವರ ಜೊತೆಗಾರರೂ ಆದರು. ಮುಂಬಯಿಯಲ್ಲಿ ಇಪ್ಟಾ ತಂಡಕ್ಕಾಗಿ ಸತ್ಯು ಆಡಿಸಿದ ನಾಟಕಗಳು ಹಲವು. ಮಿರ್ಜಾ ಗಾಲಿಬನನ್ನು ಕುರಿತ ‘ಆಖ್ರೀ ಶಮಾ’ದಲ್ಲಿ ಗಾಲಿಬನಾದವರು ಬಲರಾಜ್ ಸಾಹನಿ. ‘ಗರಂ ಹವಾ’ದ ತಾಯಿಬೇರು ಈ ನಾಟಕದ ಬಳಗದಲ್ಲಿದೆ ಎಂದೇ ನನ್ನ ಎಣಿಕೆ. ಸಿನಿಮಾದ ನಟರನ್ನು ಕರೆತಂದು ಆ ಸಂಯಮವನ್ನು ಕಲಿಸುವುದು ಸಾಧ್ಯವಿರಲಿಲ್ಲ.

ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಆಗ ಹೊಸಬರಿಗೆ ಸಾಲ ಕೊಡುತ್ತಿತ್ತು. ಸತ್ಯು ಮೊದಲು ಒಯ್ದ ಚಿತ್ರಕಥೆ ತಿರಸ್ಕೃತವಾಯಿತು. ಎರಡನೆಯದಾಗಿ ಒಯ್ದದ್ದು ಇಸ್ಮತ್ ಚುಗ್ತಾಯಿಯವರ ಅಚ್ಚಾಗದ ಕಥೆಯೊಂದರಿಂದ ಬೆಳೆದ ‘ಗರಂ ಹವಾ’. ದೊರೆತ ಸಾಲ ಎರಡೂವರೆ ಲಕ್ಷ ರೂಪಾಯಿ. ಉಳಿದದ್ದು ಗೆಳೆಯರಿಂದ ಎತ್ತಿದ ಕೈಗಡ. ಕ್ಯಾಮೆರಾ ಕೂಡ ಗೆಳೆಯರೊಬ್ಬರು ಕೊಟ್ಟದ್ದು. ಶಬ್ದಗ್ರಹಣದ ಯಂತ್ರಕ್ಕೆ ಹಣವಿಲ್ಲದೆ ಆಗ್ರಾದಲ್ಲಿ ಚಿತ್ರವನ್ನು ಮೂಕವಾಗಿಯೇ ತೆಗೆದು, ಮಾತನ್ನು ಮುಂಬಯಿಗೆ ಬಂದ ಮೇಲೆ ಸೇರಿಸಿದರು. ಛಾಯಾಗ್ರಾಹಕ ಈಶಾನ್ ಆರ್ಯ ಅವರಿಗೆ ಇದು ಮೊದಲ ಕಥಾಚಿತ್ರ. ಫಾರೂಕ್ ಶೇಖ್ ಎಂಬ ಹುಡುಗನಿಗೂ ಮೊದಲನೆಯದು, ಸಂಭಾವನೆ 750 ರೂಪಾಯಿ.

ಆಗ್ರಾದಲ್ಲಿ ವಿರೋಧ ಎದ್ದಿತು. ವಿಭಜನೆಯ ಮಾತು ಮತ್ತೆ ಏಕೆ ಎತ್ತುತ್ತೀರಿ ಎಂಬ ಸಿಟ್ಟು. ಸತ್ಯು ಒಂದು ಉಪಾಯ ಹೂಡಿದರು. ಫಿಲ್ಮ್ ತುಂಬದ ಖಾಲಿ ಕ್ಯಾಮೆರಾ ಕೊಟ್ಟು ಒಂದು ತಂಡವನ್ನು ಊರಿನ ಬೇರೆ ಕಡೆಗೆ ಕಳಿಸುವುದು. ಗದ್ದಲದವರು ಅತ್ತ ಹೋದರೆ, ಇತ್ತ ನಿಜವಾದ ಚಿತ್ರೀಕರಣ ಸದ್ದಿಲ್ಲದೆ ನಡೆಯುವುದು. ಪೀಪಲ್ ಮಂಡಿಯ ಹಳೆಯ ಹವೇಲಿಯೇ ಕಥೆಯ ಮನೆಯಾಯಿತು. ಮುದುಕಿ ತಾಯಿಯ ಪಾತ್ರಕ್ಕೆ ಆಗ್ರಾದಲ್ಲೇ ದೊರೆತವರು ಬದರ್ ಬೇಗಂ. ನಟಿಯಾಗಬೇಕೆಂದು ಎಳೆಯ ಪ್ರಾಯದಲ್ಲಿ ಮುಂಬಯಿಗೆ ಓಡಿಹೋಗಿ, ಕೈಗೂಡದೆ ಊರಿಗೆ ಮರಳಿದ್ದ ಆಕೆಗೆ ಮುಪ್ಪಿನಲ್ಲಿ ಆ ಆಸೆ ನೆರವೇರಿತು. ಧ್ವನಿ ಮಾತ್ರ ದೀನಾ ಪಾಠಕರದು. ಸಲೀಂ ಮಿರ್ಜಾ ಆಗಿದ್ದ ಬಲರಾಜ್ ಸಾಹನಿ ಡಬ್ಬಿಂಗ್ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು ತೀರಿಕೊಂಡರು. ಪೂರ್ತಿಯಾದ ಚಿತ್ರವನ್ನು ಅವರು ನೋಡಲೇ ಇಲ್ಲ.

ಕಥೆ ಸರಳ. ಆಗ್ರಾದಲ್ಲಿ ಪಾದರಕ್ಷೆ ತಯಾರಿಸುವ ಸಲೀಂ ಮಿರ್ಜಾನ ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನದ ರೈಲು ಹತ್ತುತ್ತಾರೆ. ಹೋಗುವುದಿಲ್ಲವೆಂದು ಸಾರಿ ಹೇಳಿದ್ದ ಅಣ್ಣನೂ ಹೋಗುತ್ತಾನೆ. ಹವೇಲಿ ಅಣ್ಣನ ಹೆಸರಿನಲ್ಲಿದ್ದುದರಿಂದ ಅದು ದೇಶ ತೊರೆದವರ ಆಸ್ತಿ ಎನಿಸಿ, ಸಿಂಧದಿಂದ ಬಂದ ವ್ಯಾಪಾರಿಯ ಪಾಲಾಗುತ್ತದೆ. ಆ ಸಿಂಧಿಯೂ ಮನೆ ಕಳೆದುಕೊಂಡು ಬಂದವನೇ. ಅವನನ್ನು ಖಳನನ್ನಾಗಿ ಮಾಡದಿರುವುದು ಸತ್ಯು ಅವರ ದೊಡ್ಡತನ. ಮುದಿ ತಾಯಿ ಸೌದೆಯ ಕೋಣೆಯಲ್ಲಿ ಅಡಗಿ ಕೂರುತ್ತಾಳೆ, ಬಲವಂತದಿಂದ ಹೊರಗೆ ಹೊರುತ್ತಾರೆ. ಸಾಯುವ ಮುನ್ನ ಪಲ್ಲಕ್ಕಿಯಲ್ಲಿ ತಂದು ಅದೇ ಮನೆ ಕಾಣಿಸುತ್ತಾರೆ. ಮನೆಯ ನಕ್ಷೆಯನ್ನು ಕರಾಚಿಯಲ್ಲಿದ್ದ ಅಣ್ಣನಿಗೆ ಕಳಿಸಿದ್ದಕ್ಕೆ ಸಲೀಂ ಗೂಢಚಾರನೆಂದು ನ್ಯಾಯಾಲಯದ ಕಟಕಟೆ ಹತ್ತುತ್ತಾನೆ. ಬಿಡುಗಡೆಯಾದರೂ ಜನರ ಕಣ್ಣು ಬದಲಾಗುವುದಿಲ್ಲ. ಮದುವೆಯ ಆಸೆ ಎರಡು ಬಾರಿ ಮುರಿದ ಮಗಳು ಆಮಿನಾ ಪ್ರಾಣ ಬಿಡುತ್ತಾಳೆ. ಕೊನೆಗೆ ಸಲೀಂ ತಾನೂ ಟಾಂಗಾ ಹತ್ತುತ್ತಾನೆ. ದಾರಿಯಲ್ಲಿ ಕೆಲಸ ಕೇಳುವವರ ಮೆರವಣಿಗೆ ಎದುರಾಗುತ್ತದೆ, ಮೊದಲು ಮಗ, ಹಿಂದೆಯೇ ತಂದೆ ಇಳಿದು ಅದರಲ್ಲಿ ಸೇರುತ್ತಾರೆ. ಮನೆಯ ಬೀಗದ ಕೈ ಹೆಂಡತಿಯ ಕೈಗೆ ಹೋಗುತ್ತದೆ.

ನಮ್ಮ ಸಂಕಟವನ್ನು ಆ ಸಂಕಟದ ಜೊತೆ ತೂಗುವುದು ತಪ್ಪಾದೀತು. 1956ರ ನವೆಂಬರ್ 1ರಂದು ನಮ್ಮ ಮನೆಗೆ ಯಾರೂ ಬೆಂಕಿ ಇಡಲಿಲ್ಲ, ನಿಮ್ಮನ್ನು ಯಾರೂ ರೈಲು ಹತ್ತಿಸಲಿಲ್ಲ. ಮನೆ ಇದ್ದಲ್ಲೇ ಇತ್ತು, ಗೆರೆ ಮಾತ್ರ ಸರಿಯಿತು. ಬಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮುಂಬಯಿಯಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದವರಾದೆವು, ಕಾಸರಗೋಡು ಕೇರಳದ್ದಾಯಿತು. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ಕರ್ನಾಟಕಕ್ಕೆ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ಸೋಲಾಪುರದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ನಮ್ಮ ಊರಿನ ಹಿರಿಯರು ಹೆಮ್ಮೆಪಟ್ಟರು. ಮಕ್ಕಳನ್ನು ಮಾತ್ರ ಮರಾಠಿ ಶಾಲೆಗೆ ಹಾಕಿದರು. ನೌಕರಿ ಎಲ್ಲಿದೆಯೋ ಅಲ್ಲಿಯ ಭಾಷೆ ಎಂದು ನಮ್ಮ ಮನೆಯಲ್ಲೂ ವಾದ ನಡೆದದ್ದುಂಟು. ನನ್ನ ತಮ್ಮ ಭೀಮೆ ದಾಟಿ ಹೋದ. ನಾನು ಉಳಿದೆ. ‘ಗರಂ ಹವಾ’ವನ್ನು ನಾನು ಕಂಡದ್ದು ದೂರದರ್ಶನದಲ್ಲಿ, ಬಹಳ ತಡವಾಗಿ. ಹೋದವನು ಹೇಡಿ, ಉಳಿದವನು ವೀರ ಎಂದು ಅದು ಹೇಳುವುದಿಲ್ಲ. ಉಳಿದವನಿಗೂ ಅನ್ನದ ಕೆಲಸ ಬೇಕು ಎನ್ನುತ್ತದೆ. ನಮ್ಮ ಗಡಿ ಸಭೆಗಳ ಭಾಷಣಗಳಲ್ಲಿ ನಾನು ಈ ಮಾತನ್ನು ಹೆಚ್ಚು ಕೇಳಿಲ್ಲ.

ಕೋಮು ಗಲಭೆಯಾದೀತೆಂಬ ಅಂಜಿಕೆಯಿಂದ ಸೆನ್ಸಾರಿನವರು ಚಿತ್ರವನ್ನು ತಿಂಗಳುಗಟ್ಟಲೆ ತಡೆದರು. ಸತ್ಯು ಅದನ್ನು ರಾಜಕೀಯ ನಾಯಕರಿಗೂ ಪತ್ರಕರ್ತರಿಗೂ ತೋರಿಸಿದರು, ಪ್ರಧಾನಿ ಇಂದಿರಾ ಗಾಂಧಿಯವರೂ ನೋಡಿದರು. ಒಪ್ಪಿಗೆ ಸಿಕ್ಕ ಮೇಲೆ ಮೊದಲು ತೆರೆಕಂಡದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಗಲಭೆ ಆಗಲಿಲ್ಲ, ಜನ ಮೆಚ್ಚಿದರು, ಉಳಿದ ಊರುಗಳ ದಾರಿ ತೆರೆಯಿತು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ, 1974ರ ಕಾನ್ ಉತ್ಸವದ ಸ್ಪರ್ಧೆ, 1975ರಲ್ಲಿ ಪದ್ಮಶ್ರೀ.

ಇಷ್ಟಾದ ಮೇಲೆ ಹಿಂದಿಯಲ್ಲಿ ಬೇರೂರಿ ಕೂರಬಹುದಾಗಿದ್ದವರು ಕನ್ನಡಕ್ಕೆ ಬಂದರು. ‘ಕನ್ನೇಶ್ವರ ರಾಮ’ (1977), ‘ಚಿತೆಗೂ ಚಿಂತೆ’ (1978), ಆಮೇಲೆ ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ‘ಬರ’. ಅದರ ಹಿಂದಿ ರೂಪ ‘ಸೂಖಾ’ಕ್ಕೂ ಭಾವೈಕ್ಯದ ಪ್ರಶಸ್ತಿ ಬಂತು. ಬರಗಾಲದ ಜಿಲ್ಲೆಯಲ್ಲಿ ಪ್ರಾಮಾಣಿಕ ಅಧಿಕಾರಿಯೊಬ್ಬ ರಾಜಕೀಯದ ಬಲೆಯಲ್ಲಿ ಸಿಲುಕುವ ಕಥೆ ಅದು, ಅನಂತನಾಗ್ ಆ ಅಧಿಕಾರಿ. 1972ರ ಬರದಲ್ಲಿ ನಮ್ಮ ಸೀಮೆಯ ಹೆಂಗಸರು ಮಕ್ಕಳು ಖಡಿ ಒಡೆದವರು, ಪರದೇಶದ ಮಿಲೋ ಜೋಳದ ಕೆಂಪು ರೊಟ್ಟಿ ತಿಂದವರು. ಮಳೆ ಬಾರದ್ದು ದೇವರ ಆಟ, ಕಾಳು ಬಾರದ್ದು ಮನುಷ್ಯರ ಆಟ ಎಂಬುದು ನಮಗೆ ಚಿತ್ರ ನೋಡಿ ತಿಳಿಯಬೇಕಿರಲಿಲ್ಲ. ‘ಗಳಿಗೆ’ (1994), ‘ಇಜ್ಜೋಡು’ (2010) ಅಷ್ಟು ನಿಲ್ಲಲಿಲ್ಲ ಎಂಬುದು ನನ್ನ ಅಭಿಪ್ರಾಯ. 2014ರ ನವೆಂಬರಿನಲ್ಲಿ ‘ಗರಂ ಹವಾ’ದ ಪ್ರತಿಯನ್ನು ಶುದ್ಧಗೊಳಿಸಿ ಮತ್ತೆ ಚಿತ್ರಮಂದಿರಗಳಿಗೆ ತಂದರು.

ಮಲಯಾಳಿ ಓದುಗರಿಗೊಂದು ಮಾತು. ತಗಳಿ ಶಿವಶಂಕರ ಪಿಳ್ಳೆಯವರ ಮಹಾಕಾದಂಬರಿ ‘ಕಯರ್’ ಅನ್ನು ದೂರದರ್ಶನಕ್ಕೆ ಧಾರಾವಾಹಿಯಾಗಿ ಮಾಡಿದವರೂ ಇದೇ ಸತ್ಯು. ಕುಟ್ಟನಾಡಿನ ನೆಲವನ್ನು ಅಳೆದು ಯಾರದು ಯಾವುದೆಂದು ಬರೆಯಲು ಹೊರಟ ಕಾಲದಿಂದ ಆ ಕಥೆ ತೊಡಗುತ್ತದೆ. ಮೈಸೂರಿನವರೊಬ್ಬರು ಆಲಪ್ಪುಳದ ಕಥೆಯನ್ನು ಹಿಂದಿಯಲ್ಲಿ ಹೇಳಿದ್ದನ್ನು ಅಲ್ಲಿಯವರು ಹೇಗೆ ಕಂಡರೋ, ಬಲ್ಲವರು ಮುಂದಿನ ಸಂಚಿಕೆಗೆ ಬರೆಯಬೇಕು.