ಯಹೂದ್ಯರ ಸ್ಮರಣೆ: ನಾಮ ಮತ್ತು ತಿಥಿ

ದ್ವಿತೀಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 60 ಲಕ್ಷ ಯಹೂದ್ಯರನ್ನು ಕೊಂದರೆಂಬುದು ಸರ್ವವಿದಿತ. ಆದರೆ ಆ ಮಹಾದುಃಖವು ಯಹೂದ್ಯರ ಸ್ವತ್ವದ ಕೇಂದ್ರಕ್ಕೆ ಬಂದುದು ಒಮ್ಮೆಗೇ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1948ರಲ್ಲಿ ಉದಯಿಸಿದ ಇಸ್ರೇಲು ವೀರರನ್ನು ಕೊಂಡಾಡಿತು. 1943ರಲ್ಲಿ ವಾರ್ಸಾ ನಗರದಲ್ಲಿ ಶಸ್ತ್ರ ಹಿಡಿದವರಿಗೆ ಅಲ್ಲಿ ಗೌರವವಿತ್ತು. ಬದುಕಿ ಬಂದ ಸಾಮಾನ್ಯರನ್ನು ‘ಏಕೆ ಎದುರಿಸಲಿಲ್ಲ?’ ಎಂದು ಕೇಳುವವರೂ ಇದ್ದರು. ಇದಕ್ಕಿಂತ ಕ್ರೂರವಾದ ಪ್ರಶ್ನೆಯುಂಟೆ? ಅನೇಕರು ಮೌನವನ್ನೇ ಆಶ್ರಯಿಸಿದರು. 1961ರಲ್ಲಿ ಜೆರೂಸಲೇಮಿನಲ್ಲಿ ಐಕ್‌ಮನ್ನನ ವಿಚಾರಣೆ ನಡೆದಾಗ ನೂರಕ್ಕೂ ಮಿಕ್ಕ ಸಾಕ್ಷಿಗಳು ನುಡಿದರು. ರೇಡಿಯೋದ ಮೂಲಕ ಆ ನುಡಿ ಮನೆಮನೆಯನ್ನು ಮುಟ್ಟಿತು, ಮೌನವು ಮುರಿಯಿತು.

1953ರ ಶಾಸನದಿಂದ ಸ್ಥಾಪಿತವಾದ ‘ಯಾದ್ ವಾಶೇಮ್’ ಸಂಸ್ಥೆಯ ಹೆಸರಿಗೆ ‘ಸ್ಮಾರಕ ಮತ್ತು ನಾಮ’ ಎಂದರ್ಥ. ಬಂಧುಗಳೂ ಪರಿಚಿತರೂ ಬರೆದುಕೊಟ್ಟ ಪತ್ರಗಳಿಂದ, ಹಳೆಯ ದಾಖಲೆಗಳಿಂದ ಅದು ಈವರೆಗೆ 48 ಲಕ್ಷಕ್ಕೂ ಹೆಚ್ಚು ಹೆಸರುಗಳನ್ನು ಕೂಡಿಸಿದೆ.

ಹೆಸರೇನೋ ದೊರೆಯಿತು, ತಿಥಿ? ಮೃತರ ತಿಥಿಯಂದು ದೀಪ ಹಚ್ಚಿ ‘ಕದ್ದೀಶ್’ ಪ್ರಾರ್ಥನೆ ಸಲ್ಲಿಸುವುದು ಯಹೂದ್ಯರ ಪದ್ಧತಿ. ವಿಷಾನಿಲದ ಕೋಣೆಯಲ್ಲಿ ಮಡಿದ ತಾಯಿಯ ತಿಥಿಯನ್ನು ಮಗನು ಹೇಗೆ ತಿಳಿದಾನು? ಇಂಥವರಿಗಾಗಿ ಇಸ್ರೇಲಿನ ಪ್ರಧಾನ ಧರ್ಮಪೀಠವು ತೇವೇತ್ ಮಾಸದ 10ನೆಯ ದಿನವನ್ನು ಗೊತ್ತುಪಡಿಸಿತು. ಸಂಸತ್ತು 1951ರಲ್ಲಿ ನೀಸಾನ್ ಮಾಸದ 27ನ್ನು ಆರಿಸಿತು. ನೀಸಾನ್ ಹಬ್ಬದ ಮಾಸ, ಶೋಕಕ್ಕೆ ಸಲ್ಲದೆಂದು ಸಂಪ್ರದಾಯಸ್ಥರು ಹಲವರು ಅದನ್ನು ಒಪ್ಪಲಿಲ್ಲ.

ಬಾಲ್ಯದಲ್ಲಿಯೇ ಔಶ್ವಿಟ್ಸನ್ನು ಕಂಡಿದ್ದ ಯೆಹೂದಾ ಎಲ್ಕಾನಾ ಎಂಬ ವಿದ್ವಾಂಸರು, ಈ ಸ್ಮರಣೆಯೇ ರಾಷ್ಟ್ರವನ್ನು ಆಳಬಾರದು, ಮರೆಯುವುದೂ ಅಗತ್ಯವೆಂದು 1988ರಲ್ಲಿ ಬರೆದರು. ಅನ್ಯರು ಆಡಬಾರದ ಮಾತಿದು. ಅನುಭವಿಸಿದವರೇ ಆಡಿದ್ದರಿಂದ ತಳ್ಳಿಹಾಕುವಂತಿಲ್ಲ. ಆದರೂ ನೀಸಾನ್ 27ರಂದು ಸೈರನ್ ಮೊಳಗಿದಾಗ ಜನರು ವಾಹನಗಳಿಂದಿಳಿದು ಎರಡು ನಿಮಿಷ ರಸ್ತೆಯಲ್ಲಿಯೇ ನಿಲ್ಲುತ್ತಾರೆ. ಸಂಸತ್ ಭವನದಲ್ಲಿ ಸದಸ್ಯರು ತಮ್ಮ ತಮ್ಮ ಮನೆತನದಲ್ಲಿ ಹತರಾದವರ ಹೆಸರುಗಳನ್ನು ಓದುತ್ತಾರೆ.